ಹದಿನೇಳನೆಯ ಟೇಕ್

ಸೋಮವಾರ, 9 ಜನವರಿ 1984

ಮೈನಸ್ ಇಪ್ಪತ್ತನಾಲ್ಕು ಡಿಗ್ರಿ ಚಳಿ. ಸ್ಟುಡಿಯೋದ ಹೀಟರ್ ಮತ್ತೆ ಕೈಕೊಟ್ಟಿದೆ. ಕಾರಿನಾ ಕೋಟು ಹಾಕಿಕೊಂಡೇ ಟೇಪ್ ಮೆಷಿನ್ ಮುಂದೆ ಕೂತಳು. ಹನ್ನೊಂದು ವರ್ಷದಿಂದ ನನ್ನ ಇಂಜಿನಿಯರ್. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅದಕ್ಕೇ ಇಷ್ಟು ವರ್ಷ ಹೊಂದಿಕೊಂಡಿದ್ದೇವೆ.

ತಮ್ಮ ರೈಮೋನ ಬ್ಯಾಂಡಿನ ರೆಕಾರ್ಡಿಂಗ್, ಐದನೇ ದಿನ. ಕೊನೆಯ ಹಾಡಿನ ಸೋಲೋ, ಗಿಟಾರ್ ಒಂದೇ ಮುಂದೆ ಬರುವ ಭಾಗ, ನುಡಿಸಿದ. ನಲವತ್ತು ಸೆಕೆಂಡು. ಹದಿನಾರು ಸಲ ನುಡಿಸಿದ, ಹದಿನಾರು ಸಲವೂ ‘ಇನ್ನೊಂದು’ ಎಂದೆ. ಹದಿನೇಳನೆಯದಕ್ಕೆ ಏನೂ ಹೇಳಲಿಲ್ಲ. ಗಿಟಾರ್ ಕೆಳಗಿಟ್ಟು ಹೊರಗೆ ಬಂದ. ಮುಖ ಅರಳಿತ್ತು. ಸರಿಯಾಗೇ ಅರ್ಥ ಮಾಡಿಕೊಂಡಿದ್ದ. ನಮ್ಮ ಟಾಂಪೆರೆ ಊರಿನಲ್ಲಿ ಬೈಯದಿದ್ದರೆ ಅದೇ ಹೊಗಳಿಕೆ. ನಮ್ಮಪ್ಪ ಸಾಯುವ ತನಕ ಯಾವುದನ್ನೂ ‘ಚೆನ್ನಾಗಿದೆ’ ಎಂದವನಲ್ಲ. ಅಮ್ಮನ ಅಡುಗೆಯನ್ನೂ.

“ಆಯ್ತೇನಣ್ಣ?”

“ನಡಿ, ಊಟಕ್ಕೆ ಹೋಗೋಣ.”

ಮಾರ್ಕೆಟ್ಟಿನಲ್ಲಿ ಕಪ್ಪು ಸಾಸೇಜು, ಮೇಲೆ ಹುಳಿಹಣ್ಣಿನ ಜಾಮ್. ಎರಡು ಪ್ಲೇಟು ತಿಂದ. ಎರಡನೆಯದು ನನ್ನದು.

ಮಂಗಳವಾರ, 10 ಜನವರಿ

ಹದಿನೇಳನೆಯ ಟೇಕನ್ನು ಒಂಬತ್ತು ಸಲ ಕೇಳಿದೆ. ತಪ್ಪು ಹುಡುಕುತ್ತಿದ್ದೆ. ಸಿಗಲಿಲ್ಲ.

ಹೊಟ್ಟೆ ಉರಿಯುತ್ತಿದೆ. ಇಲ್ಲಿಯಾದರೂ ಬರೆದುಕೊಳ್ಳಬಹುದಲ್ಲ, ಓದುವವರು ಯಾರೂ ಇಲ್ಲ. ಅವನಿಗೆ ಗಿಟಾರಿನ ಮೊದಲ ಮೂರು ಸ್ವರಮೇಳ ಕಲಿಸಿದ್ದು ನಾನು. ಆಗ ಅವನಿಗೆ ಎಂಟು ವರ್ಷ, ನನಗೆ ಹತ್ತೊಂಬತ್ತು, ಆಗಲೇ ಊರೂರು ಸುತ್ತಿ ನುಡಿಸುತ್ತಿದ್ದೆ. ಎಪ್ಪತ್ತಮೂರರಲ್ಲಿ ತುರ್ಕು ಊರಿನ ಸ್ಟೇಜಿನ ಮೇಲೆ ಇದ್ದಕ್ಕಿದ್ದಂತೆ ಬೆರಳು ಮರಗಟ್ಟಿತು. ಆಮೇಲೆ ಒಬ್ಬರು ನೋಡುತ್ತಿದ್ದರೂ ಸಾಕು, ಕೈ ಏಳುವುದಿಲ್ಲ. ನನ್ನ ಜಾಗಕ್ಕೆ ತಮ್ಮ ಬಂದ. ನಾನು ಸ್ಟುಡಿಯೋ ಗಾಜಿನ ಈಚೆ, ರೆಕಾರ್ಡು ಮಾಡಿಸುವ ಕಡೆ ಬಂದೆ. ಮೂವತ್ತೊಂದು ರೆಕಾರ್ಡು ಮಾಡಿಸಿದ್ದೇನೆ. ಎಲ್ಲದರ ಹಿಂದೆಯೂ ಇರುವೆ ಸಾಲಿನಷ್ಟು ಅಕ್ಷರದಲ್ಲಿ ನನ್ನ ಹೆಸರು.

ಭಾನುವಾರ, 15 ಜನವರಿ. ಬೆಳಿಗ್ಗೆ 11

ಮುಗಿಸಿಬಿಟ್ಟೆ.

ರೈಮೋ ಹೆಂಡತಿಯ ತವರಿಗೆ ಹೋಗಿದ್ದಾನೆ. ಗಿಟಾರ್ ಇಲ್ಲೇ ಇತ್ತು. ಅದನ್ನೇ ಎತ್ತಿಕೊಂಡೆ, ಸ್ವರ ಒಂದೇ ತರಹ ಬರಲಿ ಎಂದು.

ಕಾರಿನಾ ಹೇಳಿದಳು, “ಟೇಪಲ್ಲಿ ಖಾಲಿ ಟ್ರ್ಯಾಕ್ ಒಂದೂ ಇಲ್ಲ. ಇಪ್ಪತ್ನಾಲ್ಕೂ ತುಂಬಿದೆ. ಇದರ ಮೇಲೆ ರೆಕಾರ್ಡ್ ಮಾಡಿದ್ರೆ ಅವನದ್ದು ಅಳಿಸಿ ಹೋಗುತ್ತೆ.”

“ಗೊತ್ತು.”

“ಯಾರು ಬದಲಿಸು ಅಂದಿದ್ದು?”

“ಕಂಪನಿಯವರು.”

ಸುಳ್ಳು. ಯಾರೂ ಅಂದಿರಲಿಲ್ಲ.

ಅವಳು ಗುಂಡಿ ಒತ್ತಿ, ಕುರ್ಚಿ ತಿರುಗಿಸಿ ನನಗೆ ಬೆನ್ನು ಹಾಕಿ ಕೂತಳು. ನನ್ನ ಕೈಯ ವಿಷಯ ಅವಳಿಗೆ ಗೊತ್ತು. ಒಂದೇ ಸಲಕ್ಕೆ ಬಂತು. ಹನ್ನೊಂದು ವರ್ಷದ ಮೇಲೆ. ನನ್ನ ಉದ್ದ ಬೆರಳುಗಳು ಗಿಟಾರ್ ಕುತ್ತಿಗೆಯ ಐದು ಮನೆ ದಾಟಿ ಆರನೆಯದಕ್ಕೆ ಚಾಚಿದವು. ರೈಮೋನ ಗಿಡ್ಡ ಬೆರಳಿಗೆ ಅದು ಈ ಜನ್ಮದಲ್ಲಿ ಎಟುಕದು. ನುಡಿಸಿದ ಮೇಲೆ ಅಲ್ಲೇ ಕೂತು ಅತ್ತೆ. ಸಂತೋಷಕ್ಕೆ.

ಕಾರಿನಾ ಟೇಪ್ ಸುತ್ತಿ ಡಬ್ಬಿಗೆ ಹಾಕಿದಳು. ಅಣ್ಣ ತಮ್ಮಂದಿರ ನಡುವೆ ಇಲ್ಲಿ ಯಾರೂ ಬಾಯಿ ಹಾಕುವುದಿಲ್ಲ.

ಶನಿವಾರ, 4 ಫೆಬ್ರವರಿ

ಸಂಜೆ ರೈಮೋನ ಮನೆಯ ಸೌನಾದಲ್ಲಿ, ಆವಿ ಸ್ನಾನಕ್ಕೆ, ಇಬ್ಬರೇ. ಪೂರ್ತಿ ಹಾಡು ಬೆಳಿಗ್ಗೆ ಕೇಳಿಸಿದ್ದೆ. ಬಿಸಿ ಕಲ್ಲಿಗೆ ನೀರು ಹಾಕಿ, ಆವಿ ಇಳಿದ ಮೇಲೆ ಕೇಳಿದ.

“ಅಣ್ಣ, ಅದು ನಾನಾ?”

“ಮತ್ತ್ಯಾರು, ನಮ್ಮಪ್ಪನಾ?”

“ಆ ಮೇಲಿನ ಸ್ವರ ನುಡಿಸಿದ ನೆನಪೇ ಇಲ್ವಲ್ಲ.”

“ಹದಿನೇಳು ಟೇಕಲ್ಲಿ ಅಲ್ಲಷ್ಟು ಇಲ್ಲಷ್ಟು ಕತ್ತರಿಸಿ ಹೊಲಿದಿದ್ದೀನಿ. ಬಟ್ಟೆ ನಿಂದೇ. ನಾನು ಬರೀ ದರ್ಜಿ.”

ನಕ್ಕ. ನಂಬಿದ. ಸೌನಾದಲ್ಲಿ ಚರ್ಚಿನಲ್ಲಿದ್ದ ಹಾಗೆ ಇರಬೇಕು, ಸುಳ್ಳಾಡಬಾರದು, ಬೈದಾಡಬಾರದು ಎಂದು ಅಮ್ಮ ಇಬ್ಬರ ಬೆನ್ನನ್ನೂ ಉಜ್ಜುತ್ತ ಹೇಳಿಕೊಟ್ಟಿದ್ದಳು. ಅವನು ಕೇಳಬೇಕಾದ ಜಾಗದಲ್ಲೇ ಕೇಳಿದ.

ಗುರುವಾರ, 12 ಏಪ್ರಿಲ್

ರೆಕಾರ್ಡ್ ಬಂದು ಮೂರು ವಾರ. ರೇಡಿಯೋ ಹಾಕಿದರೆ ಅದೇ. ಇವತ್ತಿನ ಪೇಪರಿನಲ್ಲಿ ಅರ್ಧ ಪುಟ: ಈ ದೇಶದಲ್ಲಿ ಇಂಥ ನಲವತ್ತು ಸೆಕೆಂಡು ಹಿಂದೆ ಯಾರೂ ನುಡಿಸಿಲ್ಲವಂತೆ. ಪಕ್ಕದಲ್ಲಿ ರೈಮೋನ ಫೋಟೋ. ಕತ್ತರಿಸಿ ಇಟ್ಟುಕೊಂಡೆ. ಫೋಟೋ ಬಿಟ್ಟು.

ಸೋಮವಾರ, 7 ಮೇ

ರೈಮೋ ಬಂದಿದ್ದ. ಬೇಸಿಗೆಯ ಸಂಗೀತ ಹಬ್ಬದ ದೊಡ್ಡ ಸ್ಟೇಜಿಗೆ ಕರೆದಿದ್ದಾರೆ, ಜನ ಆ ಸೋಲೋ ಕೇಳಲಿಕ್ಕೇ ಬರುತ್ತಾರೆ.

“ನಾನೇ ನುಡಿಸಿದ್ದು ನಂಗೇ ಬರ್ತಿಲ್ಲ ಅಣ್ಣ. ನಾಚಿಕೆಗೇಡು. ಬ್ಯಾಂಡಿನವರಿಗೆ ಹೇಳೋಕೂ ಆಗಲ್ಲ. ನೀನು ಕಲಿಸಿಕೊಡು.”

ಆಗಲೇ ಹೇಳಬಹುದಿತ್ತು. ಬಾಯಿ ತೆರೆದೆ ಕೂಡ. “ದಿನಾ ಹತ್ತು ಗಂಟೆಗೆ ಬಾ” ಎಂದು ಬಂತು.

ಮಂಗಳವಾರ, 29 ಮೇ

ದಿನಕ್ಕೆ ಆರು ಗಂಟೆ. ನಾನು ನುಡಿಸಿ ತೋರಿಸುವ ಹಾಗಿಲ್ಲ, ಅವನು ನೋಡುತ್ತಾನಲ್ಲ. ಅವನ ಬೆರಳು ಹಿಡಿದು ಒಂದೊಂದಾಗಿ ತಂತಿಯ ಮೇಲೆ ಇಡುತ್ತೇನೆ. ಉಂಗುರದ ಬೆರಳು ಆರನೇ ಮನೆಗೆ ಎಟುಕುವುದಿಲ್ಲ. ಎಳೆಯುತ್ತೇನೆ.

“ನೋಯ್ತಿದೆ ಅಣ್ಣ.”

“ಜನವರಿಯಲ್ಲಿ ನೋವಾಗಲಿಲ್ವಾ?”

ಮತ್ತೆ ನುಡಿಸಿದ. ಅಂಗೈ ಊದಿದೆ. ಸಂಜೆ ಪಾತ್ರೆಯಲ್ಲಿ ಐಸು ಹಾಕಿ ಕೈ ಅದ್ದಿಕೊಂಡು ಕೂತ. ನಾನು ಪಕ್ಕದಲ್ಲಿ ಕೂತು ಕಾಫಿ ಕುಡಿದೆ. ಎಷ್ಟೋ ವರ್ಷದ ಮೇಲೆ ಇಬ್ಬರೂ ಇಷ್ಟು ಹೊತ್ತು ಜೊತೆಗಿದ್ದೇವೆ. ನನಗೆ ಈ ದಿನಗಳು ಹಿತವಾಗಿವೆ. ಇದನ್ನು ಬರೆಯುವಾಗ ಅಸಹ್ಯವಾಗುತ್ತಿದೆ, ಆದರೆ ಹಿತವಾಗಿವೆ.

ಗುರುವಾರ, 14 ಜೂನ್

ಬೆಳಿಗ್ಗೆ ಹನ್ನೊಂದೂ ಕಾಲಿಗೆ ರೈಮೋನ ಉಂಗುರದ ಬೆರಳಿನ ಸ್ನಾಯು ಹರಿಯಿತು. ಸದ್ದು ನನಗೂ ಕೇಳಿಸಿತು.

ಬುಧವಾರ, 20 ಜೂನ್

ಆಪರೇಷನ್ ಆಯಿತು. ಉಂಗುರದ ಬೆರಳು ಇನ್ನು ಮಡಚುವುದಿಲ್ಲವಂತೆ. ಹಬ್ಬಕ್ಕೆ ಬ್ಯಾಂಡಿನವರು ಬೇರೆಯವನನ್ನು ಗೊತ್ತುಮಾಡಿದರು. ಅವನು ಸೋಲೋ ಬಿಟ್ಟೇ ನುಡಿಸುತ್ತಾನಂತೆ.

“ನಿನ್ನ ತಪ್ಪಿಲ್ಲ ಅಣ್ಣ, ನೀನು ನಿನ್ನ ಕೈಲಾದ್ದು ಮಾಡಿದೆ” ಎಂದ ರೈಮೋ, ಹಾಸಿಗೆಯಲ್ಲಿ ಮಲಗಿಕೊಂಡು. ಕಿತ್ತಳೆ ಹಣ್ಣು ಸುಲಿದು ಕೊಟ್ಟು ಬಂದೆ.

ಗುರುವಾರ, 30 ಆಗಸ್ಟ್

ಕಾರಿನಾ ಕೆಲಸ ಬಿಟ್ಟಳು. ಹೋಗುವ ಮುಂಚೆ ರೈಮೋನ ಮನೆಗೆ ಹೋಗಿ ಎಲ್ಲ ಹೇಳಿದ್ದಾಳೆ. ಹನ್ನೊಂದು ವರ್ಷ ಉಳಿಸಿದ್ದ ಮಾತನ್ನೆಲ್ಲ ಒಂದೇ ದಿನ ಖರ್ಚು ಮಾಡಿದಳು.

ಮಧ್ಯಾಹ್ನ ಬಂದ. ಹೊಡೆಯುತ್ತಾನೆ ಎಂದುಕೊಂಡೆ, ಹೊಡೆಯಲೆಂದು ಕಾದೆ ಕೂಡ. ಅಡುಗೆಮನೆಯಲ್ಲಿ ಕೂತ. ಕಾಫಿ ಕೊಟ್ಟೆ, ಕುಡಿದ.

“ನನ್ನ ಹದಿನೇಳನೆಯದು ಹಾಕು. ಒಂದ್ಸಲ ಕೇಳ್ತೀನಿ.”

“ಇಲ್ಲ. ಅಳಿಸಿಹೋಯ್ತು.”

“ಬೇರೆ ಟೇಪಲ್ಲೂ ಇಲ್ವಾ?”

“ಇಲ್ಲ.”

ಖಾಲಿ ಕಪ್ಪನ್ನು ಪಕ್ಕಕ್ಕೆ ಸರಿಸಿದ.

“ಕೇಳಿದೋರು ನೀವಿಬ್ಬರೇ. ಕಾರಿನಾಗೆ ನೆನಪಿಲ್ವಂತೆ. ಹೇಗಿತ್ತು ಅಂತ ನೀನು ಹೇಳು. ಇನ್ನೇನೂ ಬೇಡ ನಂಗೆ.”

ನನ್ನದಕ್ಕಿಂತ ಚೆನ್ನಾಗಿತ್ತು. ನಾನು ಬೆರಳಿನ ಕಸರತ್ತು ಮಾಡಿದ್ದೆ. ಅವನು ಹಾಡಿನೊಳಗೆ ಹೋಗಿ ಬಂದಿದ್ದ. ಅದು ಟೇಪಿನಲ್ಲಿ ಇರುವವರೆಗೆ ನನಗೆ ಬದುಕಲಿಕ್ಕೆ ಆಗುತ್ತಿರಲಿಲ್ಲ, ಅದಕ್ಕೇ ಅಳಿಸಿದೆ. ಇಷ್ಟನ್ನು ಈ ಪುಸ್ತಕಕ್ಕೆ ಹೇಳಲಿಕ್ಕೆ ಎಂಟು ತಿಂಗಳು ಹಿಡಿಯಿತು.

ಅವನಿಗೆ ಹೇಳಿದ್ದು: “ವಿಶೇಷ ಏನಿರಲಿಲ್ಲ.”

ತಲೆ ಆಡಿಸಿದ. ಒಂದೇ ಕೈಯಲ್ಲಿ ಕಪ್ಪು ತೊಳೆದಿಟ್ಟು ಹೋದ.

ಸೋಮವಾರ, 19 ನವೆಂಬರ್

ಹದಿನೇಳನೇ ನಂಬರಿನ ಬಸ್ಸು ಎಂದು ಬರೆದರೆ ಕಥೆ ಕಟ್ಟಿದಂತಾಗುತ್ತದೆ. ನಿಜಕ್ಕೂ ಅದು ಇಪ್ಪತ್ತೈದು. ಹಿಮ ಬೀಳುತ್ತಿತ್ತು, ಕಾರು ಸ್ಟಾರ್ಟ್ ಆಗಲಿಲ್ಲ, ಸ್ಟಾಪಿಗೆ ಹೋದೆ. ಬಾಗಿಲು ತೆರೆಯಿತು. ಸ್ಟಿಯರಿಂಗ್ ಹಿಂದೆ ರೈಮೋ, ನಗರಸಭೆಯ ನೀಲಿ ಕೋಟಿನಲ್ಲಿ. ಡ್ರೈವರ್ ಆಗಿದ್ದಾನೆ, ನನಗೆ ಯಾರೂ ಹೇಳಿರಲಿಲ್ಲ. ಉಂಗುರದ ಬೆರಳು ನೆಟ್ಟಗೆ ನಿಂತಿತ್ತು, ಉಳಿದ ನಾಲ್ಕು ಬೆರಳು ಸ್ಟಿಯರಿಂಗ್ ಹಿಡಿದಿದ್ದವು.

ಟಿಕೆಟ್ ಕೊಟ್ಟ. ನಾನು ನಿಂತೇ ಇದ್ದೆ. ಹಿಂದೆ ಒಬ್ಬ ಮುದುಕಿ ಛತ್ರಿಯಲ್ಲಿ ತಿವಿದಳು.

“ಸ್ವಲ್ಪ ಒಳಗೆ ಹೋಗಿ ಸರ್” ಎಂದ ರೈಮೋ. “ಜನ ಹತ್ತಬೇಕು.”

ಸಿಟ್ಟಿರಲಿಲ್ಲ. ಎಲ್ಲರಿಗೂ ಹೇಳುವ ದನಿ. ಇಳಿಯುವಾಗ ಹೇಳೋಣ ಎಂದುಕೊಂಡೆ. ಇಳಿಯುವುದು ಹಿಂದಿನ ಬಾಗಿಲಿನಿಂದ.

ಬುಧವಾರ, 21 ನವೆಂಬರ್. ಬೆಳಿಗ್ಗೆ 7.40

ಕಾರು ರಿಪೇರಿಯಾಗಿ ಬಂದಿದೆ. ನಿನ್ನೆಯೂ ಬಸ್ಸಿನಲ್ಲೇ ಹೋದೆ. ಡ್ರೈವರ್ ಹಿಂದಿನ ಸೀಟು. ಅವನ ಕತ್ತು ನೋಡುತ್ತ ಕೊನೆಯ ಸ್ಟಾಪಿನವರೆಗೆ ಹೋಗಿ, ಅದೇ ಬಸ್ಸಿನಲ್ಲಿ ವಾಪಸ್ಸು ಬಂದೆ. ಮತ್ತೆ ಹಿಂದಿನ ಬಾಗಿಲಿನಿಂದಲೇ ಇಳಿದೆ.

ಇವತ್ತು ಬರೆದುಕೊಂಡೇ ಹೋಗುತ್ತೇನೆ. ಓದಿದರಾಯಿತು, ಒಂದೇ ಸಾಲು. ರೈಮೋ, ನಿನ್ನ ಹದಿನೇಳನೆಯ ಟೇಕ್ ತುಂಬ…