ಕೆಂಪು ಗೆರೆಗೆ ಸಿಗದ ಮಾತು

ಚಿರಂಜೀವಿ ಶಿವಯೋಗೀಶನಿಗೆ, ಲಕಮನಹಳ್ಳಿಯ ನಿನ್ನದೇ ಮನೆಯ ಅಡಿಗೆ ಕೋಣೆಯಿಂದ ಅವ್ವ ಬರೆಯುವುದು.

ಒಂದೇ ಸೂರಿನ ಕೆಳಗಿದ್ದು ಪತ್ರ ಬರೆಯುವ ಗತಿ ಬಂತು ನೋಡು. ನಾನು ಬಾಯಿ ತೆರೆದರೆ ನೀನು ಚಪ್ಪಲಿ ಹುಡುಕುತ್ತೀ. ಅದಕ್ಕೇ ಇದನ್ನು ನಿನ್ನ ಬುತ್ತಿಯ ಚೀಲದಲ್ಲಿ ಇಡುತ್ತೇನೆ. ಹೆಡ್ ಮಾಸ್ತರನಲ್ಲವೇ, ಶಾಲೆಯಲ್ಲಿ ಕುಳಿತು ತಿದ್ದು. ಮೂರನೇ ಇಯತ್ತೆಯವಳ ಅಕ್ಷರ, ತಪ್ಪು ಬೇಕಾದಷ್ಟು ಸಿಗುತ್ತವೆ.

ನಮ್ಮೂರ ಹುಡುಗರ ನಾಟಕದ ಪ್ರತಿಯ ಮೇಲೂ ನೀನು ಕೆಂಪು ಪೆನ್ನು ಆಡಿಸಿದ್ದನ್ನು ನಿನ್ನ ಮಗಳು ರಜನಿ ತೋರಿಸಿದಳು. ಹಳೇ ಕಾಲದ ದೇಸಾಯಿಯೊಬ್ಬ ಮುಪ್ಪಿನಲ್ಲಿ ಮೂರನೇ ಮದುವೆಗೆ ಹೊರಡುವ ನಗೆನಾಟಕ. ಅವನ ಮಾನ ತೆಗೆಯುವ ಸೂಲಗಿತ್ತಿಯ ಪಾತ್ರ ನನ್ನದು. ನನ್ನ ಮಾತುಗಳ ಮೇಲೆಯೇ ಹನ್ನೊಂದು ಗೆರೆ! “ದೇಸಾಯರದು ಮೀಸಿ ಒಂದ ನೆಟ್ಟಗ ನಿಂತೈತಿ, ಉಳದದ್ದೆಲ್ಲಾ ಮಲಗೈತಿ” ಎಂಬುದಕ್ಕಂತೂ ಎರಡು ಸಲ ಎಳೆದಿದ್ದೀ. ನಾಟಕ ಕಲಿಸುವ ಇಸ್ತಿಯಾಕ, ಇಲ್ಲೇ ಹತ್ತಿರದ ಬೇಲೂರಿನ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದವನು, ಪಾಪ, “ಅಜ್ಜೀ, ಸರ್ ಭಾಳ ಸಿಟ್ಟಾಗ್ಯಾರ್ರಿ. ಅಷ್ಟು ಬಿಟ್ಟು ಆಡೂಣೇನ್ರಿ?” ಎಂದು ಕೈ ಹಿಸುಕಿಕೊಂಡ.

ನೀನೊಂದು ಮರೆತೆ, ಮಗನೇ. ಆ ಸಣ್ಣ ಅಕ್ಷರ ನನ್ನ ಕಣ್ಣಿಗೆ ಕಾಣುವುದೇ ಇಲ್ಲ. ಎರಡು ತಿಂಗಳು ರಜನಿ ಓದಿದಳು, ನಾನು ಜೋಳ ಹಸನು ಮಾಡುತ್ತಾ ಕೇಳಿ ಕಲಿತೆ. ಕಾಗದದ ಮೇಲೆ ಎಳೆದ ಗೆರೆ ಕಿವಿಯೊಳಗೆ ಹೇಗೆ ಇಳಿದೀತು? ಹನ್ನೊಂದು ಮಾತೂ ಇದ್ದಲ್ಲೇ ಇವೆ.

“ಈ ವಯಸ್ಸಿನ್ಯಾಗ ನಿನಗ ಇದು ಶೋಭಾ ಕೊಡ್ತೈತೇನಬೇ?” ಅಂದೆಯಲ್ಲ, ನಿನ್ನ ಮದುವೆಯಲ್ಲಿ ಬೀಗರು ಊಟಕ್ಕೆ ಕುಳಿತಾಗ ನಿನ್ನ ಮಾವನ ಎದುರು ನಿಂತು ಹಾಡಿ ಬೈದವಳು ಯಾರು? ಬೀಗರನ್ನು ಬೈಯದಿದ್ದರೆ ಮದುವೆಯೇ ಅಲ್ಲ ಅನ್ನುವ ಕಾಲ. ಅವರ ಧೋತರದ ಗಂಟಿನಿಂದ ಹಿಡಿದು ಹಾಸಿಗೆಯವರೆಗೆ ಒಂದನ್ನೂ ಬಿಟ್ಟಿರಲಿಲ್ಲ. ಅವರು ನಕ್ಕು ನಕ್ಕು ಹೋಳಿಗೆ ನೆತ್ತಿಗೆ ಹತ್ತಿಸಿಕೊಂಡರು. ನಿನ್ನಪ್ಪ ಕಂಬದ ಮರೆಯಿಂದ, “ಇನ್ನೊಂದು ಅನ್ನಲೇ, ಶರಣೀ!” ಅನ್ನುತ್ತಿದ್ದರು. ನೀನೂ ಬಾಸಿಂಗ ಜಾರುವಂತೆ ನಕ್ಕಿದ್ದೆ.

ನಿನ್ನಪ್ಪ ಹೋಗಿ ಹದಿನಾಲ್ಕು ವರ್ಷ. ಆಮೇಲೆ ಯಾರೂ ನನ್ನನ್ನು ಹಾಡಲು ಕರೆಯಲಿಲ್ಲ. ಗಂಡ ಸತ್ತವಳು ಬೀಗರ ಎದುರಿಗೆ ನಿಲ್ಲಬಾರದಂತೆ. ನಿನ್ನ ಹಿರಿಮಗಳ ಮದುವೆಯಲ್ಲಿ ಒಂದು ನುಡಿ ಎತ್ತಿದ್ದೆ ಅಷ್ಟೇ. ನೀನೇ ಬಂದು, “ಅವ್ವಾ, ಒಳಗ ಹೋಗಿ ಕುಂದರು” ಅಂದೆ. ಕುಳಿತೆ. ಒಳಗೆ ಕುಳಿತವಳ ಬಾಯಲ್ಲಿ ಹಾಡು ಹೇಗೆ ಕೊಳೆಯುತ್ತದೆ ಎಂದು ನಿನಗೇನು ಗೊತ್ತು?

ಈ ನಾಟಕದ ಹುಡುಗರು ಬಂದು, “ಅಜ್ಜೀ, ನಮಗ ಬಯ್ಯಾಕ ಬರವಲ್ದು, ಕಲಸ್ರಿ” ಅಂದರು. ಆ ಹನ್ನೊಂದರಲ್ಲಿ ಆರು ನನ್ನ ಬೀಗರ ಹಾಡಿನವೇ. ಅವನ್ನು ಹೊಡೆದು ಹಾಕುವುದೆಂದರೆ ನನ್ನನ್ನು ಇನ್ನೊಮ್ಮೆ ಒಳಗೆ ಕೂಡ್ರಿಸುವುದು. ಇನ್ನು ನಾನು ಕೂಡುವುದಿಲ್ಲ.

ರವಿವಾರ ಸಂಜೆ ಆರಕ್ಕೆ ನಾಟಕ. ನಿನ್ನಪ್ಪ ತಂದ ಹಸಿರು ಇಳಕಲ್ ಸೀರೆಯನ್ನು ಟ್ರಂಕಿನಿಂದ ತೆಗೆದಿದ್ದೇನೆ. ಹಸಿರು ಬಳೆಯನ್ನೂ ಇಟ್ಟುಕೊಳ್ಳುವವಳೇ. ನಿನಗಾಗಿ ಮುಂದಿನ ಸಾಲಿನಲ್ಲಿ ಕುರ್ಚಿ ಹಿಡಿಸಿದ್ದೇನೆ. ಬಂದರೆ ನಿನ್ನ ಮುಖ ನೋಡಿ ಹೇಳುತ್ತೇನೆ, ಬರದಿದ್ದರೆ ಖಾಲಿ ಕುರ್ಚಿಗೆ, ಇನ್ನೂ ಜೋರಾಗಿ. ಪಕ್ಕದ ಕುರ್ಚಿಗೆ ನಿನ್ನ ಮಾವ ಆಗಲೇ ಫೋನು ಮಾಡಿ ಹೇಳಿದ್ದಾರೆ: “ಬೀಗತೀ, ಈ ಸಲ ಯಾರನ್ನ ಬಯ್ತೀರಿ? ನಾ ಬಂದ ಬರ್ತೇನ್ರಿ.”

ನೂರು ವರ್ಷ ಬಾಳು, ನಗುತ್ತಾ ಬಾಳು. ಬುತ್ತಿಯಲ್ಲಿ ಶೇಂಗಾ ಹೋಳಿಗೆ ಇದೆ. ಇದನ್ನು ಓದುತ್ತಾ ತಿನ್ನಬೇಡ, ನೆತ್ತಿಗೆ ಹತ್ತೀತು.

ಒಳಗೆ ಕೂಡದ ನಿನ್ನ ಅವ್ವ,
ಶರಣವ್ವ