ಕಾಲಿಗೆ ಚಕ್ರ ಕಟ್ಟಿಕೊಂಡವರು

ಮಾರ್ಚ್ 4, ಸಂಜೆ

ಪಾತ್ರೆ ತೊಳೆದಾಯಿತು. ಅಡುಗೆಕಟ್ಟೆಯ ಮೇಲೆ ಡೈರಿ ಇಟ್ಟು ನಿಂತೇ ಬರೆಯುತ್ತಿದ್ದೇನೆ. ಬಸ್ ಕಂಡಕ್ಟರ್ ಆಗಿದ್ದವನಿಗೆ ನಿವೃತ್ತಿಯಾದ ಮೇಲೂ ಕುರ್ಚಿ ಒಗ್ಗದು.

ತಂಗಿ ಬಂದಿದ್ದಳು. ಮುದುಕಿಯಾದರೂ ನನಗೆ ಪುಟ್ಟಿಯೇ. ಅವಳ ಕಾಲಿನ ಕಾಟಕ್ಕೆ ಆಸ್ಪತ್ರೆಯಲ್ಲಿ ಮಿದುಳಿನ ಸ್ಕ್ಯಾನ್ ಅಂತೆ — ಸಂಶೋಧನೆ. ಜೊತೆಗೆ ಕಾಯಿಲೆಯಿಲ್ಲದ ಒಡಹುಟ್ಟಿದವರೊಬ್ಬರು ಬೇಕು. ಜೋಡಿ ಇಲ್ಲದಿದ್ದರೆ ಅವಳನ್ನೂ ತೆಗೆದುಕೊಳ್ಳುವುದಿಲ್ಲ.

"ಕಾಲಿನ ಕಾಯಿಲೆಗೆ ತಲೆ ಯಾಕೆ?" ಎಂದೆ.

"ಮಿದುಳಿನ ಒಂದು ಮೂಲೇಲಿ ಕಬ್ಬಿಣದ ಅಂಶ ಕಡಿಮೆ ಇದೆಯಾ ಅಂತ ನೋಡ್ತಾರಂತೆ."

"ನನಗೆ ಆ ಭಯ ಇಲ್ಲ. ಓದಿದ್ದೆಲ್ಲ ಕಬ್ಬಿಣದ ಕಡಲೇನೇ. ಒಳಗೆ ಬೇಕಾದಷ್ಟಿದೆ."

ನಕ್ಕಳು. ಆಮೇಲೆ ನಗಲಿಲ್ಲ. "ಎಲ್ಲಾ ಮನಸ್ಸಿನ ಭ್ರಮೆ ಅಂತಾರೆ ನಮ್ಮನೆಯವರು. ಒಂದು ಚಿತ್ರದಲ್ಲಾದ್ರೂ ಕಾಣ್ಲಿ, ಅಣ್ಣಾ."

ಒಪ್ಪಿದೆ.

ಮಾರ್ಚ್ 6

ಪುಟ್ಟಿಯ ಮನೆಗೆ ಹೋಗಿ ಕೇಳಿದೆ — ನಿನಗೆ ಆಗುವುದಾದರೂ ಏನು?

"ಸಂಜೆ ಕೂತ್ರೆ ಮೀನಖಂಡದೊಳಗೆ ಏನೋ ಹರಿದಾಡಿದ ಹಾಗೆ. ಎದ್ದು ನಾಲ್ಕು ಹೆಜ್ಜೆ ಹಾಕಿದ್ರೆ ಮಾಯ."

"ಅದು ಎಲ್ಲರಿಗೂ ಆಗೋದೇ ಅಲ್ವೇನೆ?"

ಅವಳ ಕೈಯ ಲೋಟ ಅಲ್ಲೇ ನಿಂತಿತು. "ಎಲ್ಲರಿಗೂ ಅಂದ್ರೆ... ನಿನಗೂ?"

ನನಗೂ. ಅಪ್ಪ ತಟ್ಟೆ ಹಿಡಿದು ಓಡಾಡುತ್ತಲೇ ಉಣ್ಣುತ್ತಿದ್ದರು. ಅಜ್ಜಿಯೂ ಹಾಗೇ. ಕಾಲಿಗೆ ಚಕ್ರ ಕಟ್ಟಿಕೊಂಡ ವಂಶ ಎಂದು ನೆರೆಯವರು ನಗುತ್ತಿದ್ದರು. ಅದೊಂದು ಕಾಯಿಲೆ ಎಂದು ಯಾರಿಗೆ ಗೊತ್ತು? ನಾನಂತೂ ಬಸ್ಸಿನಲ್ಲಿ ಕೂತವನೇ ಅಲ್ಲ. ಕೆಲಸ ಬಿಟ್ಟ ಮೇಲೆ ಕಾಲು ಕಾಡಿದಾಗ ಕೆಲಸದ ಕೊರಗು ಎಂದುಕೊಂಡೆ.

"ಅಲ್ಲಿ ಬಾಯಿ ಬಿಡ್ಬೇಡ," ಎಂದಳು. "ಒಂದು 'ಇಲ್ಲ' ಅಂದ್ಬಿಡು, ಸಾಕು. ನನಗೋಸ್ಕರ."

ಮಾರ್ಚ್ 11

ಇಷ್ಟು ದಿನ ಬರೆಯಲು ಮನಸ್ಸಿರಲಿಲ್ಲ. ಇವತ್ತು ಆಸ್ಪತ್ರೆ.

ಡಾಕ್ಟರ್ ನನ್ನ ಮೊಮ್ಮಗಳ ವಯಸ್ಸಿನವಳು. ಪರದೆಯ ಮೇಲೆ ಯಾರದ್ದೋ ಮಿದುಳು ತೋರಿಸಿದಳು. ಹೋಳು ಮಾಡಿದ ಹೂಕೋಸಿನ ಹಾಗಿತ್ತು. "ಕಾಯಿಲೆ ಇರೋರದ್ದು, ಇಲ್ಲದೋರದ್ದು ಪಕ್ಕಪಕ್ಕ ಇಟ್ಟು ನೋಡ್ತೀವಿ, ತಾತ. ವ್ಯತ್ಯಾಸ ಇದ್ರೆ ಅಲ್ಲೇ ಸಿಗ್ಬೇಕು."

ಆಮೇಲೆ ನನ್ನ ಕಾಲಿನ ಬಗ್ಗೆ ಕೇಳಿದಳು. ಪುಟ್ಟಿ ಕೈಚೀಲದ ಹಿಡಿ ಹಿಂಡುತ್ತಿದ್ದಳು.

ಒಂದು 'ಇಲ್ಲ' ನಾಲಿಗೆ ತುದಿಯಲ್ಲೇ ಇತ್ತು. ಆದರೆ — ಆರೋಗ್ಯವಂತರ ಸಾಲಿನಲ್ಲಿ ನನ್ನ ತಲೆ, ಪಕ್ಕದಲ್ಲಿ ಅವಳದು. ಎರಡೂ ಒಂದೇ ಥರ ಕಂಡರೆ? ವ್ಯತ್ಯಾಸವೇ ಇಲ್ಲ ಎನ್ನುತ್ತಾರೆ. ಭ್ರಮೆ ಎಂದವರ ಮಾತೇ ಗೆದ್ದ ಹಾಗೆ.

"ಆಗುತ್ತಮ್ಮ," ಎಂದೆ. "ದಿನಾ ಸಂಜೆ."

ಡಾಕ್ಟರ್ ಪೆನ್ನು ಕೆಳಗಿಟ್ಟಳು. ಬೇರೆ ಅಣ್ಣತಮ್ಮಂದಿರಿದ್ದರೆ ಈ ತಿಂಗಳೊಳಗೆ ಕರೆತನ್ನಿ ಎಂದಳು. ಆಮೇಲೆ ಸೇರಿಸಿಕೊಳ್ಳುವುದಿಲ್ಲ.

ಬಸ್ಸಿನಲ್ಲಿ ಪುಟ್ಟಿ ಕಿಟಕಿಯತ್ತ ಮುಖ ತಿರುಗಿಸಿಕೊಂಡಳು. ಸೀಟು ಖಾಲಿಯಿತ್ತು. ಇಬ್ಬರೂ ಕೂರಲಿಲ್ಲ.

ಮಾರ್ಚ್ 12

ನಿಜ ಹೇಳಿದ್ದೇಕೆ ಎಂದು ಪುಟ್ಟಿಗೆ ಫೋನಿನಲ್ಲಿ ವಿವರಿಸಿದೆ. "ಗೊತ್ತಾಯ್ತು," ಎಂದಳು. "ಆದ್ರೆ ಈಗ ಯಾರನ್ನ ಕರ್ಕೊಂಡ್ ಹೋಗ್ಲಿ?"

ಉಳಿದವನು ತಮ್ಮನೊಬ್ಬನೇ. ಕೂತಲ್ಲಿಂದ ಏಳದವನು, ಅದಕ್ಕೇ ಮನೆಯಲ್ಲಿ ಅವನಿಗೆ ಗೂಟ ಎಂದೇ ಹೆಸರು. ದೂರದಲ್ಲಿದ್ದಾನೆ. ಫೋನ್ ಎತ್ತುವುದಿಲ್ಲ — ಎದ್ದು ಬಂದು ಎತ್ತಬೇಕಲ್ಲ! ಕಾಗದವೇ ಗತಿ. ಮೊದಲು ಇಲ್ಲೇ ಬರೆದು ನೋಡುತ್ತೇನೆ.

ಗೂಟಾ, ನಿನ್ನ ಬಿ.ಪಿ. ಹೇಗಿದೆ? ಹೆಂಡತಿಯ ಮಂಡಿ? ಮೊಮ್ಮಗುವಿಗೆ ಹಲ್ಲು ಬಂತೇ? ಒಂದು ವಿಷಯ ಕೇಳಬೇಕು. ಸಂಜೆ ಕುರ್ಚಿಯಲ್ಲಿ ಕೂತಾಗ ನಿನ್ನ ಕಾಲು ನಿಜಕ್ಕೂ ಸುಮ್ಮನಿರುತ್ತದೆಯೇ? ನಮಗೆ ಬೇಕಾದ ಉತ್ತರ ಬರೆಯಬೇಡ, ಕಾಲನ್ನೇ ಕೇಳಿ ಬರೆ. ಪುಟ್ಟಿಯ ಸ್ಕ್ಯಾನ್ ಈಗ ನಿನ್ನ ಮೇಲೆ ನಿಂತಿದೆ. ಏನೇ ಇದ್ದರೂ ಬೇಗ ಬರೆ. ಅವಳು ಈಗಷ್ಟೇ ಬಂದಳು, ಒಳಗೆ ಕೂರು ಅಂದರೂ ಈ ಕಾಗದಕ್ಕೆ ಕಾಯುತ್ತ ಬಾಗಿಲಲ್ಲೇ ಓಡಾಡುತ್ತಿದ್ದಾಳೆ.