ಮಕ್ಕಳನ್ನು ಕೇಳಲು ಬಂದ ಮೇಡಂ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಮಧ್ಯಾಹ್ನ

ನನ್ನ ಕಂದಾ,

ಹೇಗಿದ್ದೀಯೆ? ಬೆನ್ನುನೋವು ಕಡಿಮೆ ಆಯಿತಾ? ಜೈಲಿನ ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದೀಯೋ, ಇಲ್ಲ ಚಿಕ್ಕಂದಿನ ಹಾಗೆ ದಿಂಬಿನಡಿ ತಳ್ಳುತ್ತಿದ್ದೀಯೋ? ಈ ಕಾಗದವನ್ನು ನಿನಗಿಂತ ಮುಂಚೆ ಒಡೆದು ಓದುವವರಿಗೂ ನನ್ನದೊಂದು ನಮಸ್ಕಾರ. ನಾನೂ ನನ್ನ ಹೊಲಿಗೆ ಮಷಿನ್ನೂ ಗಟ್ಟಿಯಾಗಿದ್ದೇವೆ. ನಿನ್ನ ವಟವಟಿ ಮಗಳಿಗೆ ಯೂನಿಫಾರ್ಮು ಆಗಲೇ ಗಿಡ್ಡವಾಗಿದೆ. ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟೆ.

ಬುಧವಾರದ ಭೇಟಿಯ ಹತ್ತು ನಿಮಿಷದಲ್ಲಿ ಜಾಲರಿಯ ಆಚೆಗೆ ಕೂಗಿ ಹೇಳುವ ವಿಷಯವಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೋದ ತಿಂಗಳು ನಗರಸಭೆಯಿಂದ ಒಬ್ಬರು ಮೇಡಂ ಬಂದಿದ್ದರು. ಕೈಯಲ್ಲಿ ಫೈಲು, ಮುಖದಲ್ಲಿ ನಗು. ಎರಡೂ ಒಟ್ಟಿಗೆ ಬಂದರೆ ನನಗೆ ಯಾವತ್ತೂ ಆಗಿಬರುವುದಿಲ್ಲ. ಮಕ್ಕಳಿಗಾಗಿ ಏನೇ ಯೋಜನೆ ಮಾಡಿದರೂ ಮೊದಲು ಮಕ್ಕಳನ್ನೇ ಕೇಳಬೇಕಂತೆ, ಅದು ಅವರ ಹಕ್ಕಂತೆ. ಶನಿವಾರ ವಾಚನಾಲಯದಲ್ಲಿ ಸಭೆ, ಮೊಮ್ಮಗಳನ್ನು ಕಳಿಸಿ ಎಂದರು. "ಇವಳನ್ನೇ ಯಾಕೆ?" ಅಂದೆ. ಬೀದಿಯ ಎಲ್ಲ ಮಕ್ಕಳನ್ನೂ ಕರೆದಿದ್ದೇವೆ ಎಂದರು. ನಂಬಲಿಲ್ಲ. ಅವರು ಅತ್ತ ಹೋದ ಮೇಲೆ ಮೂರು ಮನೆಯಲ್ಲಿ ವಿಚಾರಿಸಿದೆ. ಎರಡು ಮನೆಗೆ ಹೋಗಿದ್ದರು, ಮೂರನೆಯದಕ್ಕೆ ಇಲ್ಲ. ಆ ಮನೆಯಲ್ಲಿ ಮಕ್ಕಳೇ ಇಲ್ಲ ಅನ್ನುವುದು ನನಗೆ ಆಮೇಲೆ ಹೊಳೆಯಿತು!

ನನ್ನ ಭಯ ನಿನಗೆ ಗೊತ್ತಲ್ಲ. ತಾಯಿ ಜೈಲಿನಲ್ಲಿ, ಅಜ್ಜಿಗೆ ವಯಸ್ಸಾಗಿದೆ ಎಂದು ಬರೆದುಕೊಂಡು ಮಗುವನ್ನು ಬಾಲಮಂದಿರಕ್ಕೆ ಸಾಗಿಸಿದರೆ? ನೀನು ಓಡಿಸುತ್ತಿದ್ದ ವ್ಯಾನಿನ ಅಪಘಾತಕ್ಕೆ ನಿನಗೆ ಶಿಕ್ಷೆಯಾದಾಗಿನಿಂದ ನಾವು ಮಾತಾಡಿಕೊಂಡಂತೆ, ನೀನು ದೂರದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದೀಯೆ ಅಂತಲೇ ಅವಳಿಗೆ ಹೇಳಿದ್ದೆ. ಯಾರು ಕೇಳಿದರೂ ಅದನ್ನೇ ಹೇಳು ಎಂದು ಬಾಯಿಪಾಠ ಮಾಡಿಸಿ, ಕಾವಲಿಗೆ ನಾನೂ ಹೋದೆ. ಹಿಂದಿನ ಬೆಂಚಿನಲ್ಲಿ ಗುಂಡಿ ಹೊಲಿಯುತ್ತಾ ಕೂತಿದ್ದೆ, ಕಿವಿ ಮಾತ್ರ ಮುಂದಿತ್ತು.

ಮಕ್ಕಳು ಹೆಸರು ಹಾಕದೆ ಚೀಟಿ ಬರೆದರು, ಮೇಡಂ ಗಟ್ಟಿಯಾಗಿ ಓದಿದರು. ಶಾಲೆಯ ಕಕ್ಕಸಿಗೆ ಚಿಲಕ ಬೇಕು. ಮೈದಾನದಲ್ಲಿ ಲಾರಿ ನಿಲ್ಲಿಸಬಾರದು. ಆಮೇಲೆ ಒಂದು ಚೀಟಿ: "ನಮ್ಮಮ್ಮ ಜೈಲಿನಲ್ಲಿದ್ದಾಳೆ. ಭೇಟಿ ಬುಧವಾರ ಮಾತ್ರ. ಆವತ್ತು ಶಾಲೆ ಇರುತ್ತೆ. ಶನಿವಾರ ಇಟ್ಟರೆ ನಾನು ಹೋಗಬಹುದು." ಸೂಜಿ ಬೆರಳಿಗೆ ಚುಚ್ಚಿಕೊಂಡಿತು ಕಂದಾ. ಯಾರ ಚೀಟಿ ಎಂದು ಮೇಡಂ ಕೇಳಲಿಲ್ಲ. ನನಗೆ ಕೇಳಬೇಕಾಗಿಯೇ ಇರಲಿಲ್ಲ.

ಕೈ ಹಿಡಿದು ದರದರ ಎಳೆದುಕೊಂಡು ಬಂದೆ. ಯಾರೇ ಹೇಳಿದ್ದು ನಿನಗೆ ಅಂದರೆ, "ಅಮ್ಮನ ಲಕೋಟೆ ಮೇಲಿನ ಜೈಲಿನ ಮೊಹರು ಓದೋಕೆ ನಂಗೆ ಬರುತ್ತೆ ಅಜ್ಜಿ. ಬುಧವಾರ ನೀನು ಎಲ್ಲಿಗೆ ಹೋಗ್ತೀಯ ಅಂತಲೂ ಗೊತ್ತು. ನಿಂಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ" ಅಂದಳು. ಅಷ್ಟು ಮಾತಾಡುವ ಹುಡುಗಿ ಒಂದು ವರ್ಷ ಇದೊಂದನ್ನು ನುಂಗಿಕೊಂಡಿದ್ದಾಳೆ. ರಸ್ತೆಯಲ್ಲೇ ಕೂತು ಅತ್ತುಬಿಟ್ಟೆ. ಅವಳೇ ನನ್ನ ಸೆರಗಿನಿಂದ ನನ್ನ ಮೂಗು ಒರೆಸಿದಳು.

ಆಮೇಲೆ ಮೂರು ವಾರ, ಬೀದಿಯಲ್ಲಿ ಜೀಪಿನ ಸದ್ದಾದರೆ ಸಾಕು, ಬಾಗಿಲಿಗೆ ಅಗುಳಿ ಹಾಕುತ್ತಿದ್ದೆ. ಮೊನ್ನೆ ಮೇಡಂ ನಡೆದುಕೊಂಡೇ ಬಂದರು. ಆ ಚೀಟಿ ಹಿಡಿದು ಜೈಲಿನವರ ಜೊತೆ ಮಾತಾಡಿದರಂತೆ. ಇನ್ನು ತಿಂಗಳಿಗೆ ಎರಡು ಶನಿವಾರ ಮಕ್ಕಳಿಗೆ ಬೇರೆ ಕೋಣೆ, ಜಾಲರಿ ಇಲ್ಲ, ಒಂದು ಗಂಟೆ. ಸದ್ಯಕ್ಕೆ ಮೂರು ತಿಂಗಳು. ಮೂರು ತಿಂಗಳಾದ ಮೇಲೆ? ಫೋಟೋ ಹಿಡಿದು ಪೇಪರಿಗೆ ಹಾಕುತ್ತೀರಾ? ನಮ್ಮ ಮನೆಯನ್ನೇ ಯಾಕೆ ಹುಡುಕಿಕೊಂಡು ಬಂದಿರಿ? ಎಲ್ಲ ಕೇಳಿದೆ. ಫೋಟೋ ಇಲ್ಲ, ಯಾರ ಚೀಟಿ ಅಂತ ನಮಗೆ ಗೊತ್ತಿಲ್ಲ, ಅದಕ್ಕೇ ಬೀದಿಯ ಎಲ್ಲ ಮನೆಗೂ ಈ ಒಪ್ಪಿಗೆ ಕಾಗದ ಕೊಡುತ್ತಿದ್ದೇವೆ ಎಂದರು. ಅದರ ಕಚೇರಿ ಭಾಷೆ ನನಗೆ ತಿಳಿಯದೆ, ಪಕ್ಕದ ಮನೆ ಮೇಷ್ಟ್ರಿಂದ ಮೂರು ಸಲ ಓದಿಸಿ ಸಹಿ ಹಾಕಿದೆ. ಇನ್ನೂ ಪೂರ್ತಿ ನಂಬಿಲ್ಲ, ಆದರೂ ಹಾಕಿದೆ.

ಮೈ ಬಗ್ಗೆ ಜೋಪಾನ. ನಿನ್ನ ದಿನಗಳು ಬೇಗ ಸರಿಯಲಿ.

ನಿನ್ನ ಅಮ್ಮ

ಮರೆತಿದ್ದೆ: ಇದರ ಜೊತೆ ಇಟ್ಟಿರುವ ಆ ಕಾಗದಕ್ಕೆ ನಿನ್ನ ಒಪ್ಪಿಗೆಯ ಸಹಿಯೂ ಬೇಕಂತೆ, ಗುರುವಾರದೊಳಗೆ. ಮಗಳಿಗೆ ಈ ಜೈಲು ಬಟ್ಟೆಯಲ್ಲಿ ಮುಖ ತೋರಿಸಲ್ಲ ಅಂತ ನೀನು ಹಟ ಹಿಡಿಯುತ್ತೀಯೆ ಅಂತ ನನಗೆ ಈಗ ನಿನ್ನ ಮೇಲೇ ಅನುಮಾನ. ನಾವಿಬ್ಬರೂ ಅವಳನ್ನು ಒಂದು ಮಾತು ಕೇಳದೆ ವರ್ಷ ಕಳೆದೆವು. ನಿನ್ನೆ ಕೇಳಿದೆ. "ಬಟ್ಟೆ ನೋಡೋಕೆ ಯಾರು ಹೋಗ್ತಾರೆ ಅಜ್ಜಿ" ಅಂದಳು. ಸಹಿ ಹಾಕು.